ಸೂಜಿ ಚುಚ್ಚಿತು, ಮುಂದೇನು? ದವಾಖಾನೆ ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆ ಸೋಂಕು ತಡೆಯ ತರಬೇತಿ ಕೊಡಲು ಹೋದಾಗ ಹಾಲ್‌ನಲ್ಲಿ ಯಾರೂ ಕೈ ಎತ್ತುವುದಿಲ್ಲ. ಚಹಾ ಬಂದ ಮೇಲೆ ಒಬ್ಬೊಬ್ಬರೇ ಪಕ್ಕಕ್ಕೆ ಕರೆಯುತ್ತಾರೆ. 'ಮೇಡಂ, ನಮ್ಮ ಗೆಳತಿಗೆ ಒಮ್ಮೆ ಸೂಜಿ ಚುಚ್ಚಿತ್ತು' ಅಂತ ಶುರುವಾಗುತ್ತದೆ. ಗೆಳತಿ ಯಾರು ಅಂತ ನಾನು ಕೇಳುವುದಿಲ್ಲ. ಹೀಗೆ ಕೇಳಿದ್ದು, ಫೋನಿನಲ್ಲಿ ಬಂದದ್ದು, ಚೀಟಿಯಲ್ಲಿ ಬರೆದು ಕೊಟ್ಟದ್ದು ಎಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಇಂಟರ್ನಿ, ನರ್ಸಿಂಗ್ ವಿದ್ಯಾರ್ಥಿ, ಆಯಾ, ಕಸ ಎತ್ತುವವರು ಎಲ್ಲರಿಗೂ ಇದು ಅನ್ವಯಿಸುತ್ತದೆ. ನಿಮ್ಮ ಗಾಯ ನೋಡಿ ಔಷಧಿ ಬರೆಯುವವರು ಮಾತ್ರ ನಿಮ್ಮ ಆಸ್ಪತ್ರೆಯ ಡಾಕ್ಟರೇ.

## ಚುಚ್ಚಿದ ಕೂಡಲೇ

ಸೂಜಿ ಚುಚ್ಚ್ಯಾದ್ರಿ. ಈಗಿಂದೀಗ ಏನ್ ಮಾಡ್ಲಿ?

ಕೈಯಲ್ಲಿರುವ ಸೂಜಿಯನ್ನು ಮೊದಲು ಬಿಳಿ ಡಬ್ಬಿಗೆ, ಅಂದರೆ ಬಳಸಿದ ಸೂಜಿ ಎಸೆಯುವ ಡಬ್ಬಿಗೆ ಹಾಕಿ. ಗಾಬರಿಯಲ್ಲಿ ಬೆಡ್ ಮೇಲೆ ಬಿಟ್ಟು ಓಡಿದರೆ ಅದು ಇನ್ನೊಬ್ಬರಿಗೆ ಚುಚ್ಚುತ್ತದೆ. ಗ್ಲೌಸ್ ತೆಗೆದು, ನಲ್ಲಿ ಬಿಟ್ಟು, ಸಾಬೂನು ಹಚ್ಚಿ ಗಾಯವನ್ನು ಚೆನ್ನಾಗಿ ತೊಳೆಯಿರಿ. ಬೇಸಿಗೆಯಲ್ಲಿ ವಾರ್ಡಿನ ನಲ್ಲಿಯಲ್ಲಿ ನೀರಿಲ್ಲದಿದ್ದರೆ ಸಲೈನ್ ಬಾಟಲಿ ಒಡೆದು ತೊಳೆದರೂ ನಡೆಯುತ್ತದೆ. ಆಮೇಲೆ ಡ್ಯೂಟಿ ಡಾಕ್ಟರಿಗೆ ಹೇಳಿ. ಶಿಫ್ಟ್ ಮುಗಿಯಲಿ, ರೌಂಡ್ಸ್ ಮುಗಿಯಲಿ ಅಂತ ಕಾಯಬೇಡಿ. ಎಚ್‌ಐವಿ ತಡೆಯುವ ಗುಳಿಗೆ ಬೇಕಾದರೆ ಅದನ್ನು ಆದಷ್ಟು 2 ಗಂಟೆಯೊಳಗೆ ನುಂಗಬೇಕು.

ರಕ್ತ ಹಿಂಡಿ ತೆಗೆದ್ರೆ ಒಳ್ಳೇದಲ್ವಾ? ಸ್ಪಿರಿಟ್ ಸುರಿದ್ರೆ?

ಎರಡೂ ಬೇಡ. ಹಿಂಡಿದರೆ ವೈರಸ್ ಹೊರಗೆ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಸುತ್ತಲಿನ ಚರ್ಮ ಜಜ್ಜಿ ಹೋಗುತ್ತದೆ, ಅಷ್ಟೇ. ಸ್ಪಿರಿಟ್, ಬ್ಲೀಚಿಂಗ್ ನೀರು, ಅಯೋಡಿನ್ ಗಾಯವನ್ನು ಸುಡುತ್ತವೆ. ಇನ್ನೊಂದು ಅಭ್ಯಾಸವಿದೆ. ಬೆರಳಿಗೆ ಏನಾದರೂ ಚುಚ್ಚಿದ ತಕ್ಷಣ ಅದನ್ನು ಬಾಯಿಗೆ ಹಾಕಿಕೊಳ್ಳುವುದು. ಚಿಕ್ಕಂದಿನಿಂದ ಬಂದದ್ದು, ಕೈ ತಾನಾಗೇ ಬಾಯಿಗೆ ಹೋಗುತ್ತದೆ. ದವಾಖಾನೆಯಲ್ಲಿ ಅದನ್ನು ಬಿಡಬೇಕು.

ಹೆರಿಗೆ ಮಾಡಿಸುವಾಗ ಕಣ್ಣಿಗೆ ರಕ್ತ ಸಿಡಿಯಿತು. ಅದೂ ಲೆಕ್ಕಕ್ಕೆ ಬರ್ತದಾ?

ಬರುತ್ತದೆ. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕುಳಿತು, ಬೇರೆಯವರಿಂದ ಶುದ್ಧ ನೀರು ಅಥವಾ ಸಲೈನ್ ಹಾಕಿಸಿ ರೆಪ್ಪೆ ಬಿಡಿಸಿ ತೊಳೆಸಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ಹಾಗೇ ತೊಳೆದು, ಆಮೇಲೆ ಲೆನ್ಸ್ ತೆಗೆದು ಮತ್ತೆ ತೊಳೆಯಿರಿ. ಕಣ್ಣಿಗೆ ಸಾಬೂನು ಬೇಡ. ಬಾಯಿಗೆ ಸಿಡಿದಿದ್ದರೆ ಉಗಿದು, ನೀರಿನಿಂದ ನಾಲ್ಕಾರು ಸಲ ಮುಕ್ಕಳಿಸಿ. ಸೂಜಿ ಚುಚ್ಚಿದ್ದಕ್ಕಿಂತ ಇದರಲ್ಲಿ ಎಚ್‌ಐವಿ ಅಪಾಯ ಕಮ್ಮಿ, ಸುಮಾರು 0.09 ಶೇಕಡಾ. ಕಮ್ಮಿ ಅಂದ ಮಾತ್ರಕ್ಕೆ ಹೇಳದೆ ಬಿಡುವಂತಿಲ್ಲ.

ರಕ್ತಾನೇ ಬಂದಿಲ್ಲ, ಸುಮ್ನೆ ಗೀರಿದಂಗ ಆಗ್ಯಾದ. ಹೇಳ್ಲೇಬೇಕಾ?

ಹೇಳಬೇಕು. ಗೀರು ಎಷ್ಟು ಆಳ ಅಂತ ಅಳೆಯುವುದು ಡಾಕ್ಟರ ಕೆಲಸ. ಬಳಸದ ಹೊಸ ಸೂಜಿ ಚುಚ್ಚಿದ್ದರೆ ಮಾತ್ರ ಎಚ್‌ಐವಿ, ಹೆಪಟೈಟಿಸ್‌ನಂಥ ರಕ್ತದಿಂದ ಹರಡುವ ರೋಗಗಳ ಚಿಂತೆ ಇಲ್ಲ, ತೊಳೆದು ಪಟ್ಟಿ ಹಾಕಿಕೊಂಡರೆ ಸಾಕು.

ಹೇಳಿದ್ರೆ ಮೇಲಿನವರು ಬೈತಾರೆ. 'ನೋಡಿ ಕೆಲಸ ಮಾಡಕ್ಕೆ ಬರಲ್ವಾ' ಅಂತಾರೆ. ಮುಚ್ಚಿಟ್ಟರೆ ಏನಾಗ್ತದ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಬೈಯುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಅದರಲ್ಲೂ ವಿದ್ಯಾರ್ಥಿಗಳು ಮತ್ತು ಗುತ್ತಿಗೆ ಕೆಲಸದವರು ಬಾಯಿ ಬಿಡುವುದೇ ಇಲ್ಲ. ಒಬ್ಬರಿಗೆ ಪರೀಕ್ಷೆಯ ಅಂಕದ ಭಯ, ಇನ್ನೊಬ್ಬರಿಗೆ ಮುಂದಿನ ತಿಂಗಳ ಸಂಬಳದ ಭಯ.

ಆದರೆ ಮುಚ್ಚಿಟ್ಟರೆ ಮೂರು ನಷ್ಟವಿದೆ. ಗುಳಿಗೆಯ ಸಮಯ ಕಳೆದು ಹೋಗುತ್ತದೆ. ಆ ರೋಗಿ ಡಿಸ್ಚಾರ್ಜ್ ಆಗಿ ಆಳಂದಕ್ಕೋ ಸುರಪುರಕ್ಕೋ ಹೋದ ಮೇಲೆ ಅವರ ರಕ್ತ ಪರೀಕ್ಷೆ ಮಾಡಿಸುವುದು ಕಷ್ಟ. ಮೂರನೆಯದು ಯಾರಿಗೂ ಹೊಳೆಯದ್ದು. ಅವತ್ತೇ ನಿಮ್ಮ ರಕ್ತ ತೆಗೆದು 'ಸೋಂಕು ಇರಲಿಲ್ಲ' ಅಂತ ದಾಖಲೆ ಮಾಡಿಸದಿದ್ದರೆ, ಮುಂದೆ ಸೋಂಕು ಕಂಡರೆ ಅದು ಕೆಲಸದಿಂದ ಬಂತು ಅಂತ ಸಾಬೀತು ಮಾಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಪರಿಹಾರಕ್ಕೆ ಅರ್ಜಿ ಹಾಕುವಾಗ ಆ ಒಂದು ರಿಪೋರ್ಟೇ ಆಧಾರ.

ಹೇಳುವಾಗ ಬರೆದೇ ಕೊಡಿ. ಯಾವ ದಿನ, ಎಷ್ಟು ಗಂಟೆ, ಯಾವ ವಾರ್ಡ್, ಯಾವ ಸೂಜಿ, ಯಾವ ಕೆಲಸ ಮಾಡುವಾಗ. ವಾರ್ಡ್ ಇನ್‌ಚಾರ್ಜ್ ಇಲ್ಲದ ಹೊತ್ತಾದರೆ ನೇರ ಕ್ಯಾಜುವಾಲ್ಟಿ ಡಾಕ್ಟರ ಹತ್ತಿರ ಹೋಗಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೂ ಸಾಕು.

## ಯಾವ ರೋಗ, ಎಷ್ಟು ಅಪಾಯ

ಎಚ್‌ಐವಿ ಬಂದೇ ಬರ್ತದಾ?

ಇಲ್ಲ. ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ, ಏನೂ ಔಷಧಿ ತೆಗೆದುಕೊಳ್ಳದಿದ್ದರೂ ಸೋಂಕು ತಗುಲುವ ಸಾಧ್ಯತೆ ಸುಮಾರು 0.3 ಶೇಕಡಾ. ಅಂದರೆ ಹೀಗೆ ಚುಚ್ಚಿಸಿಕೊಂಡ 300 ಜನರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ. ಉಳಿದ 299 ಜನ ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ, ಅದು ಬೇರೆ ಮಾತು. ಗುಳಿಗೆ ಸಮಯಕ್ಕೆ ನುಂಗಿದರೆ ಈ ಅಪಾಯ ಇನ್ನೂ ಇಳಿಯುತ್ತದೆ.

ಹಾಗಾದ್ರೆ ನಿಜವಾಗಿ ಹೆದರಬೇಕಾದ್ದು ಯಾವುದಕ್ಕೆ?

ಹೆಪಟೈಟಿಸ್ ಬಿ. ನಮ್ಮ ಕಡೆ ಜನ ಹೆದರುವುದು ಒಂದಕ್ಕೆ, ಹೆದರಬೇಕಾದ್ದು ಇನ್ನೊಂದಕ್ಕೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿ ಚುಚ್ಚಿದರೆ ಸೋಂಕಿನ ಸಾಧ್ಯತೆ 6ರಿಂದ 30 ಶೇಕಡಾ. ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವುದರ ಮೇಲೆ ಅದು ನಿಂತಿದೆ. ಹೆಪಟೈಟಿಸ್ ಸಿಗೆ ಹಳೆಯ ಲೆಕ್ಕ 1.8 ಶೇಕಡಾ, ಈಚಿನ ಲೆಕ್ಕ 0.2 ಶೇಕಡಾದ ಆಸುಪಾಸು. ನರ್ಸಿಂಗ್ ಕ್ಲಾಸಿನಲ್ಲಿ ಇದನ್ನು 30, 3, 0.3 ಅಂತ ಬಾಯಿಪಾಠ ಮಾಡಿಸುತ್ತಾರೆ. ಬಿಗೆ 30, ಸಿಗೆ 3, ಎಚ್‌ಐವಿಗೆ 0.3. ಸಿಯ ಅಂಕಿ ಈಗ ಹಳತಾಯಿತು, ಆದರೂ ಯಾವುದು ಮೊದಲು ಅನ್ನುವುದು ನೆನಪಿರುತ್ತದೆ.

ಹೆಪಟೈಟಿಸ್ ಬಿ ವೈರಸ್ ಗಟ್ಟಿ ಪಿಂಡ. ಟೇಬಲ್ ಮೇಲೆ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಬದುಕಿರುತ್ತದೆ. ಸೋಂಕು ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ಲಿವರ್ ಹಾಳು ಮಾಡುತ್ತದೆ, ಲಿವರ್ ಕ್ಯಾನ್ಸರಿಗೂ ದಾರಿಯಾಗುತ್ತದೆ. ಇಷ್ಟೆಲ್ಲ ಇದ್ದರೂ ಇದನ್ನು ತಡೆಯುವ ಲಸಿಕೆ ದಶಕಗಳಿಂದ ಇದೆ. ಹಾಗಾಗಿ 'ಎಚ್‌ಐವಿ ಬಂದರೆ ಹೇಗೆ' ಅಂತ ಅಳುತ್ತಾ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ: 'ಹೆಪಟೈಟಿಸ್ ಬಿ ಮೂರೂ ಡೋಸ್ ಆಗಿದೆಯಾ?' ಬಹಳ ಸಲ ಬರುವ ಉತ್ತರ: 'ಎರಡು ಆಗಿದೆ, ಮೂರನೇದು ನೆನಪಿಲ್ಲ.'

ಎಲ್ಲ ಸೂಜಿನೂ ಒಂದೇನಾ?

ಒಂದೇ ಅಲ್ಲ. ಒಳಗೆ ಟೊಳ್ಳಿರುವ ಸೂಜಿಯಲ್ಲಿ, ಅಂದರೆ ರಕ್ತ ತೆಗೆದದ್ದು ಅಥವಾ ಐವಿ ಹಾಕಿದ್ದು, ರಕ್ತ ನಿಂತಿರುತ್ತದೆ. ಅದೇ ಹೆಚ್ಚು ಅಪಾಯ. ಹೊಲಿಗೆ ಹಾಕುವ ಗಟ್ಟಿ ಸೂಜಿಯಲ್ಲಿ ಕಮ್ಮಿ. 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಾಲ್ಕು ವಿಷಯ ಗುರುತಿಸಿತು: ಗಾಯ ಆಳವಾಗಿದ್ದರೆ, ಸೂಜಿಯ ಮೇಲೆ ರಕ್ತ ಕಣ್ಣಿಗೆ ಕಾಣುವಂತಿದ್ದರೆ, ಅದು ರೋಗಿಯ ರಕ್ತನಾಳದಲ್ಲೇ ಇದ್ದ ಸೂಜಿಯಾಗಿದ್ದರೆ, ರೋಗಿ ಏಡ್ಸ್‌ನ ಕೊನೆಯ ಹಂತದಲ್ಲಿದ್ದರೆ ಎಚ್‌ಐವಿ ಅಪಾಯ ಜಾಸ್ತಿ. ಗ್ಲೌಸ್ ಹಾಕಿದ್ದರೆ ಸೂಜಿ ರಬ್ಬರ್ ದಾಟುವಾಗ ಹೊರಗಿನ ರಕ್ತ ಸ್ವಲ್ಪ ಒರೆಸಿ ಹೋಗುತ್ತದೆ. ಸೆಕೆಯಲ್ಲಿ ಕೈ ಬೆವರಿ ಜಾರುತ್ತದೆ ಅಂತ ಗ್ಲೌಸ್ ಬಿಚ್ಚಿಡುವವರಿಗೆ ಈ ಮಾತು.

ರೋಗಿಯ ಉಗುಳು, ಮೂತ್ರ, ಬೆವರು ಕೈಗೆ ತಾಗಿದರೆ?

ಅದರಲ್ಲಿ ರಕ್ತ ಕಾಣದಿದ್ದರೆ ಎಚ್‌ಐವಿ ಚಿಂತೆ ಬೇಡ. ಒಡೆಯದ ಚರ್ಮದ ಮೇಲೆ ರಕ್ತವೇ ಬಿದ್ದರೂ ತೊಳೆದರೆ ಸಾಕು. ಕೈಯಲ್ಲಿ ಬಿರುಕು, ಕಜ್ಜಿ, ಹಸಿ ಗಾಯ ಇದ್ದರೆ ಮಾತ್ರ ಡಾಕ್ಟರಿಗೆ ತಿಳಿಸಿ.

ರಸ್ತೆ ಪಕ್ಕ ಬಿದ್ದಿದ್ದ ಸಿರಿಂಜ್ ಮಗುವಿನ ಕಾಲಿಗೆ ಚುಚ್ಚಿತು. ಎಚ್‌ಐವಿ ಬರುತ್ತಾ?

ಸಾಧ್ಯತೆ ತೀರಾ ಕಮ್ಮಿ. ಹೊರಗೆ ಒಣಗಿದ ರಕ್ತದಲ್ಲಿ ಎಚ್‌ಐವಿ ಬೇಗ ದುರ್ಬಲವಾಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. 42 ಡಿಗ್ರಿ ಕಾಯುವ ಕಲಬುರಗಿ ಬಿಸಿಲಿನಲ್ಲಿ ಬಿದ್ದ ಸೂಜಿಯ ಕತೆ ಕೇಳುವುದೇ ಬೇಡ. ಇಲ್ಲೂ ನೋಡಬೇಕಾದ್ದು ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ. ಮಗುವಿನ ಲಸಿಕೆಯ ವಿವರ ಇರುವ 'ತಾಯಿ ಕಾರ್ಡ್' ತೆಗೆದುಕೊಂಡು ದವಾಖಾನೆಗೆ ಹೋಗಿ. ಆ ಸಿರಿಂಜನ್ನು ಪರೀಕ್ಷೆಗೆ ಅಂತ ಕೈಯಲ್ಲಿ ಹಿಡಿದು ತರಬೇಡಿ, ಸೂಜಿಯನ್ನು ಪರೀಕ್ಷೆ ಮಾಡುವ ಪದ್ಧತಿ ಇಲ್ಲ.

## ಗುಳಿಗೆ, ಲಸಿಕೆ, ರಕ್ತ ಪರೀಕ್ಷೆ

ಪಿಇಪಿ ಗುಳಿಗೆ ಅಂತಾರಲ್ಲ, ಅದೇನು? ಎಷ್ಟು ದಿನ ತಗೋಬೇಕು?

ವೈರಸ್ ದೇಹದಲ್ಲಿ ನೆಲೆ ಊರುವ ಮೊದಲೇ ತಡೆಯುವ ಔಷಧಿ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಈ ಮೂರನ್ನು ಸೇರಿಸಿ ದಿನಕ್ಕೊಮ್ಮೆ, 28 ದಿನ. ಮೊದಲ ಗುಳಿಗೆ 2 ಗಂಟೆಯೊಳಗೆ ಆದರೆ ಉತ್ತಮ, 72 ಗಂಟೆ ದಾಟಿದರೆ ಕೊಡುವುದಿಲ್ಲ. ರೋಗಿಯ ರಿಪೋರ್ಟ್ ಬರಲಿ ಅಂತ ಮೊದಲ ಗುಳಿಗೆ ತಡಮಾಡಬಾರದು. ನುಂಗಿ, ರಿಪೋರ್ಟ್ ನೆಗೆಟಿವ್ ಬಂದರೆ ಡಾಕ್ಟರೇ ನಿಲ್ಲಿಸುತ್ತಾರೆ.

ಸರ್ಕಾರಿ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಈ ಔಷಧಿ ಇರುತ್ತದೆ. ಎಆರ್‌ಟಿ ಅಂದರೆ ಎಚ್‌ಐವಿ ಇರುವವರಿಗೆ ಕೊಡುವ ಚಿಕಿತ್ಸೆ. ಅದು ಸಂಜೆಗೆ ಮುಚ್ಚುತ್ತದೆ, ಸೂಜಿ ಮಾತ್ರ ರಾತ್ರಿ 2 ಗಂಟೆಗೂ ಚುಚ್ಚುತ್ತದೆ. ಅದಕ್ಕೇ ಕ್ಯಾಜುವಾಲ್ಟಿಯಲ್ಲಿ ಒಂದಷ್ಟು ಗುಳಿಗೆ ಇಟ್ಟಿರಬೇಕು. ನಿಮ್ಮಲ್ಲಿ ಇದೆಯಾ? ಬೀಗದ ಕೈ ಯಾರ ಹತ್ತಿರ? ಎಕ್ಸ್‌ಪೈರಿ ಯಾವಾಗ? ಇವತ್ತೇ ಕೇಳಿ ಇಟ್ಟುಕೊಳ್ಳಿ. ಖಾಸಗಿ ನರ್ಸಿಂಗ್ ಹೋಮಿನವರು ಹತ್ತಿರದ ಸರ್ಕಾರಿ ಕೇಂದ್ರ ಯಾವುದು ಅಂತ ಗೋಡೆಯ ಮೇಲೆ ಬರೆದಿಟ್ಟರೆ ಒಳ್ಳೆಯದು. ಏನೂ ತೋಚದಿದ್ದರೆ ನ್ಯಾಕೋದ 1097ಕ್ಕೆ ಕರೆ ಮಾಡಿ, ಅದು ಉಚಿತ.

ಗುಳಿಗೆ ತಿಂದ್ರೆ ವಾಂತಿ ಬರ್ತದ, ನಡುವೆ ಬಿಟ್ಟರೆ ನಡೀತದಾ?

ಬಿಡಬೇಡಿ. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಸರಿಯಾಗಿ ಬಾರದಿರುವುದು ಕೆಲವರಿಗೆ ಆಗುತ್ತದೆ. ಸಾಮಾನ್ಯವಾಗಿ ತಾನೇ ಕಮ್ಮಿಯಾಗುತ್ತದೆ. ಹಳೆಯ ಔಷಧಿಗಳ ಕಾಲದಲ್ಲಿ ಇದು ಜಾಸ್ತಿ ಇತ್ತು, ಅರ್ಧಕ್ಕೇ ಬಿಟ್ಟವರು ಎಷ್ಟೋ ಜನ. ಊಟದ ಜೊತೆ ತೆಗೆದುಕೊಂಡರೆ ಕೆಲವರಿಗೆ ಹಗುರಾಗುತ್ತದೆ.

ಒಂದು ಎಚ್ಚರ. ಐರನ್, ಕ್ಯಾಲ್ಸಿಯಂ ಗುಳಿಗೆ ಮತ್ತು ಆಸಿಡಿಟಿ ಸಿರಪ್ ಡೊಲುಟೆಗ್ರಾವಿರ್ ಕೆಲಸಕ್ಕೆ ಅಡ್ಡ ಬರುತ್ತವೆ. ಇವುಗಳಿಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ಪಿಇಪಿ ನುಂಗಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಮೊದಲೇ ಹೇಳಬೇಕು. ಪ್ರಮಾಣ ಬದಲಿಸಬೇಕಾಗಬಹುದು.

ರೋಗಿ ಎಆರ್‌ಟಿ ಮೇಲೆ ಇದ್ದಾರೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಇಲ್ಲವೇ ಇಲ್ಲ ಅಂತ ರಿಪೋರ್ಟ್ ಇದೆ. ಆಗಲೂ ಪಿಇಪಿ ಬೇಕಾ?

ಅಪಾಯ ಬಹಳ ಇಳಿದಿರುತ್ತದೆ, ಆದರೂ ಸೂಜಿ ಗಾಯಕ್ಕೆ ಸಾಮಾನ್ಯವಾಗಿ ಕೊಡುತ್ತಾರೆ. ಆ ರಿಪೋರ್ಟ್ ಯಾವಾಗಿನದು, ರೋಗಿ ಈಚೆಗೆ ಗುಳಿಗೆ ತಪ್ಪಿಸಿದ್ದಾರಾ ಅನ್ನುವುದನ್ನು ಎಆರ್‌ಟಿ ಡಾಕ್ಟರ್ ನೋಡುತ್ತಾರೆ. ಕಬ್ಬು ಕಡಿಯಲೋ ಕಟ್ಟಡ ಕೆಲಸಕ್ಕೋ ಬೇರೆ ರಾಜ್ಯಕ್ಕೆ ಗುಳೆ ಹೋಗಿ ಬಂದವರಲ್ಲಿ ನಡುವೆ ಗುಳಿಗೆ ತಪ್ಪಿರುವುದು ಹೊಸದೇನಲ್ಲ.

ಸೂಜಿ ಯಾವ ರೋಗಿಯದು ಅಂತಾನೇ ಗೊತ್ತಿಲ್ಲ. ಕಸದ ಚೀಲದಲ್ಲಿತ್ತು.

ಯಾವ ವಾರ್ಡಿನ ಚೀಲ, ಸೂಜಿಯ ಮೇಲೆ ಹಸಿ ರಕ್ತ ಇತ್ತಾ, ಅಲ್ಲಿ ಎಂಥ ರೋಗಿಗಳಿದ್ದರು ಅನ್ನುವುದನ್ನು ನೋಡಿ ಡಾಕ್ಟರ್ ತೀರ್ಮಾನಿಸುತ್ತಾರೆ. ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ಲಸಿಕೆ ಅಲ್ಲೇ ಶುರುವಾಗಬೇಕು. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಸ್ವಚ್ಛತೆ ಕೆಲಸದವರು. ಚೀಲದ ಬಾಯಿ ಕಟ್ಟಲು ಕಸವನ್ನು ಅಂಗೈಯಿಂದ ಕೆಳಕ್ಕೆ ಒತ್ತುತ್ತಾರೆ, ಒಳಗಿದ್ದ ಸೂಜಿ ಅಂಗೈಗೆ ಇಳಿಯುತ್ತದೆ. ಚುಚ್ಚಿದ್ದು ಅವರಿಗೆ, ತಪ್ಪು ಮಾತ್ರ ಸೂಜಿಯನ್ನು ಕಸದ ಹಳದಿ ಚೀಲಕ್ಕೆ ಹಾಕಿದವರದು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ರೋಗಿಗೆ ಹೇಳದೆ ಅವರ ರಕ್ತ ಟೆಸ್ಟ್ ಮಾಡಿಬಿಡಬಹುದಾ? ಹೇಗೂ ಸ್ಯಾಂಪಲ್ ಲ್ಯಾಬಿನಲ್ಲಿ ಇದೆ.

ಮಾಡಬಾರದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ, ಒಪ್ಪಿಗೆ ಪಡೆದು ಪರೀಕ್ಷೆ ಮಾಡಬೇಕು, ಫಲಿತಾಂಶ ಗುಟ್ಟಾಗಿರಬೇಕು. ಕೇಳುವ ರೀತಿಯಲ್ಲೇ ಎಲ್ಲ ಇದೆ. 'ನಿಮಗೆ ಏಡ್ಸ್ ಇದೆಯಾ ನೋಡಬೇಕು' ಅಂದರೆ ಯಾರು ಒಪ್ಪುತ್ತಾರೆ? 'ಅವ್ವಾ, ನಿಮಗೆ ಸೂಜಿ ಮಾಡಿದ ಮೇಲೆ ಅದು ನಮ್ಮ ಸಿಸ್ಟರಿಗೆ ಚುಚ್ಚಿತು. ಅವರಿಗೆ ಔಷಧಿ ಬೇಕಾ ಬೇಡವಾ ಅಂತ ತಿಳಿಯೋಕೆ ನಿಮ್ಮ ರಕ್ತ ಸ್ವಲ್ಪ ನೋಡಬೇಕು' ಅಂದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಚುಚ್ಚಿಸಿಕೊಂಡವರೇ ಹೋಗಿ ಕೇಳುವುದು ಬೇಡ, ಬೇರೊಬ್ಬರು ಕೇಳಲಿ. ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕರು ಇದ್ದರೆ ಇನ್ನೂ ಒಳ್ಳೆಯದು.

ಹೆಪಟೈಟಿಸ್ ಬಿ ಲಸಿಕೆ ಸಣ್ಣವರಿದ್ದಾಗ ಹಾಕಿರ್ತಾರಲ್ವಾ?

ನಿಮ್ಮ ವಯಸ್ಸು ನೋಡಿ. ಮಕ್ಕಳ ಸರ್ಕಾರಿ ಲಸಿಕೆ ಪಟ್ಟಿಗೆ ಇದು ಇಡೀ ದೇಶದಲ್ಲಿ ಸೇರಿದ್ದು 2011-12ರ ಹೊತ್ತಿಗೆ. ಅದಕ್ಕೆ ಮೊದಲು ಕೆಲವೇ ಕಡೆ ಪ್ರಯೋಗವಾಗಿ ಶುರುವಾಗಿತ್ತು. ಇವತ್ತು ವಾರ್ಡಿನಲ್ಲಿ ಕೆಲಸ ಮಾಡುವ ಬಹುತೇಕರಿಗೆ ಆಗಿರಲಿಕ್ಕಿಲ್ಲ. ದೊಡ್ಡವರಿಗೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯದು ತಪ್ಪಿ ವರ್ಷವಾಗಿದ್ದರೂ ಮೊದಲಿಂದ ಶುರು ಮಾಡುವ ಅಗತ್ಯವಿಲ್ಲ, ಬಾಕಿ ಇರುವುದನ್ನು ಹಾಕಿಸಿ.

ಮೂರೂ ಆಗಿದೆ. ಇನ್ನು ಆರಾಮ ಇರಬಹುದಾ?

ಒಂದು ಹೆಜ್ಜೆ ಬಾಕಿ ಇದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಟೈಟರ್ ಪರೀಕ್ಷೆ ಮಾಡಿಸಿ, ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣಾ ಅಂಶ ಬಂದಿದೆ ಅಂತ ಅಳೆಯುವ ಪರೀಕ್ಷೆ ಅದು. ಅದು 10 ಅಥವಾ ಜಾಸ್ತಿ ಬಂದರೆ ನಿಮಗೆ ರಕ್ಷಣೆ ಇದೆ. ಆಮೇಲೆ ಹೆಪಟೈಟಿಸ್ ಬಿ ರೋಗಿಯ ಸೂಜಿ ಚುಚ್ಚಿದರೂ ಆ ರೋಗಕ್ಕೆ ಬೇರೆ ಚಿಕಿತ್ಸೆ ಬೇಕಿಲ್ಲ. ವರ್ಷಗಳು ಕಳೆದು ಟೈಟರ್ ಇಳಿದರೂ ದೇಹಕ್ಕೆ ನೆನಪಿರುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ 90 ಶೇಕಡಾಕ್ಕಿಂತ ಹೆಚ್ಚು ಜನರಿಗೆ ಮೂರು ಡೋಸಿಗೆ ರಕ್ಷಣೆ ಸಿಗುತ್ತದೆ. 40 ದಾಟಿದವರು, ದಪ್ಪ ಇರುವವರು, ಬೀಡಿ-ಸಿಗರೇಟ್ ಸೇದುವವರಲ್ಲಿ ಸ್ವಲ್ಪ ಕಮ್ಮಿ. ಟೈಟರ್ 10ಕ್ಕಿಂತ ಕೆಳಗಿದ್ದರೆ ಇನ್ನೊಂದು ಸುತ್ತು ಮೂರು ಡೋಸ್ ಹಾಕುತ್ತಾರೆ. ಆ ರಿಪೋರ್ಟನ್ನು ಆಧಾರ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.

ಲಸಿಕೆ ಆಗಿಲ್ಲ, ರೋಗಿಗೆ ಹೆಪಟೈಟಿಸ್ ಬಿ ಇದೆ. ಈಗ?

ಎರಡು ಸೂಜಿ. ಒಂದು ಲಸಿಕೆ, ಇನ್ನೊಂದು ಎಚ್‌ಬಿಐಜಿ ಅನ್ನುವ ಇಮ್ಯುನೊಗ್ಲೋಬ್ಯುಲಿನ್. ಎರಡನೆಯದು ತಯಾರಾಗಿರುವ ರಕ್ಷಣಾ ಅಂಶವನ್ನು ನೇರವಾಗಿ ಕೊಡುತ್ತದೆ. ಪ್ರತಿ ಕೆಜಿ ತೂಕಕ್ಕೆ 0.06 ಎಂಎಲ್ ಲೆಕ್ಕ. 24 ಗಂಟೆಯೊಳಗೆ ಕೊಟ್ಟರೆ ಉತ್ತಮ, 7 ದಿನ ದಾಟಿದರೆ ಪ್ರಯೋಜನ ಅನುಮಾನ. ಎರಡನ್ನೂ ಒಂದೇ ದಿನ, ಬೇರೆ ಬೇರೆ ಜಾಗಕ್ಕೆ ಹಾಕುತ್ತಾರೆ. ಎಚ್‌ಬಿಐಜಿ ದುಬಾರಿ, ಕೇಳಿದ ಕೂಡಲೇ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಲ್ಲ. ಒಂದು ಎಚ್‌ಬಿಐಜಿಗಾಗಿ ಓಡಾಡುವ ಖರ್ಚಿನಲ್ಲಿ ಒಂದು ವಾರ್ಡಿಗೆಲ್ಲ ಲಸಿಕೆ ಹಾಕಿಸಬಹುದು.

ಹೆಪಟೈಟಿಸ್ ಸಿಗೆ ಏನು ಕೊಡ್ತಾರೆ?

ಚುಚ್ಚಿದ ಮೇಲೆ ಕೊಡುವ ತಡೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಆದರೆ ಬಂದರೆ ವಾಸಿಯಾಗುತ್ತದೆ. ಬಾಯಿಂದ ನುಂಗುವ ಔಷಧಿ 8ರಿಂದ 12 ವಾರ ತೆಗೆದುಕೊಂಡರೆ 95 ಶೇಕಡಾಕ್ಕಿಂತ ಹೆಚ್ಚು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. ಹಾಗಾಗಿ ಕೆಲಸ ಒಂದೇ, ಪರೀಕ್ಷೆ ತಪ್ಪಿಸಬೇಡಿ. 3ರಿಂದ 6 ವಾರಕ್ಕೆ ಎಚ್‌ಸಿವಿ ಆರ್‌ಎನ್‌ಎ, ಅಂದರೆ ವೈರಸ್ಸನ್ನೇ ಹುಡುಕುವ ಪರೀಕ್ಷೆ, 4ರಿಂದ 6 ತಿಂಗಳಿಗೆ ಆಂಟಿಬಾಡಿ ಪರೀಕ್ಷೆ.

ಎಚ್‌ಐವಿ ಟೆಸ್ಟ್ ಎಷ್ಟು ಸಲ ಮಾಡಿಸಬೇಕು?

ಅದೇ ದಿನ ಒಮ್ಮೆ, ಆಮೇಲೆ 6 ವಾರ, 3 ತಿಂಗಳು, 6 ತಿಂಗಳು. ಮೊದಲ ಪರೀಕ್ಷೆ ಮುಖ್ಯ ಯಾಕೆ ಅಂತ ಮೇಲೆ ಹೇಳಿದೆ. ದಿನ ಬಿಟ್ಟು ದಿನ ಖಾಸಗಿ ಲ್ಯಾಬಿಗೆ ಹೋಗಿ ಟೆಸ್ಟ್ ಮಾಡಿಸುವವರಿದ್ದಾರೆ. ದುಡ್ಡು ದಂಡ, ಮನಸ್ಸಿಗೂ ನೆಮ್ಮದಿ ಇಲ್ಲ.

## ಮನೆಯ ವಿಷಯ

ಮನೆಯವರಿಗೆ ಹೇಳ್ಬೇಕಾ? ಗಂಡನ ಜೊತೆ ಹೇಗಿರಬೇಕು?

ಊಟ, ತಟ್ಟೆ, ಟವೆಲ್, ಮಗುವನ್ನು ಎತ್ತಿಕೊಳ್ಳುವುದು ಯಾವುದಕ್ಕೂ ತೊಂದರೆ ಇಲ್ಲ. ಕೊನೆಯ ಪರೀಕ್ಷೆ ನೆಗೆಟಿವ್ ಬರುವ ತನಕ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಹೇಳುವುದು ಬಿಡುವುದು ನಿಮ್ಮ ಮನೆ ಪರಿಸ್ಥಿತಿ ನೋಡಿಕೊಂಡು. ಆದರೆ ಕಾಂಡೋಮ್ ಯಾಕೆ ಅಂತ ಪ್ರಶ್ನೆ ಬಂದೇ ಬರುತ್ತದೆ. ಒಬ್ಬರೇ ಹೇಳಲಾಗದಿದ್ದರೆ ಆಪ್ತಸಮಾಲೋಚಕರ ಎದುರು ಇಬ್ಬರೂ ಕುಳಿತು ಮಾತಾಡಿ. ಅತ್ತೆ, ನಾದಿನಿ, ವಾಟ್ಸಾಪ್ ಗ್ರೂಪಿಗೆಲ್ಲ ತಿಳಿಯಬೇಕಾದ ವಿಷಯ ಇದಲ್ಲ.

ನಾನು ಬಸುರಿ. ಪಿಇಪಿ ತಗೋಬಹುದಾ? ಹಾಲುಣಿಸುವವರು?

ಬಸುರಿಯರಿಗೂ ಕೊಡುತ್ತಾರೆ, ಹೆಪಟೈಟಿಸ್ ಬಿ ಲಸಿಕೆಯನ್ನೂ ಹಾಕುತ್ತಾರೆ. ಬಸುರಿ ಅಂತ ಔಷಧಿ ಬಿಡುವುದೇ ಹೆಚ್ಚು ಅಪಾಯ. ಐರನ್, ಕ್ಯಾಲ್ಸಿಯಂ ಹೇಗೂ ನುಂಗುತ್ತಿರುತ್ತೀರಿ, ಮೇಲೆ ಹೇಳಿದ ಗಂಟೆಗಳ ಅಂತರ ಮರೆಯಬೇಡಿ. ಹಾಲುಣಿಸುವವರು ತಾವೇ ನಿರ್ಧಾರ ಮಾಡಿ ನಿಲ್ಲಿಸಬೇಡಿ, ಎಆರ್‌ಟಿ ಡಾಕ್ಟರನ್ನು ಕೇಳಿ.

## ಚುಚ್ಚದಂತೆ ಹೇಗೆ

ಕ್ಯಾಪ್ ಹಾಕದೆ ಸೂಜಿ ಬಿಟ್ಟರೆ ಇನ್ನೂ ಅಪಾಯ ಅಲ್ವಾ? ಕ್ಯಾಪ್ ಹಾಕಬೇಡಿ ಅಂತ ಯಾಕೆ ಹೇಳ್ತೀರಿ?

ಇಂಜೆಕ್ಷನ್ ರೂಮಿನಲ್ಲಿ ಒಂದು ಸೋಮವಾರ ನಿಂತು ನೋಡಿ. ಬಾಗಿಲ ತನಕ ಜನ. ಸಿಸ್ಟರ್ ಎಡಗೈಯ ಎರಡು ಬೆರಳಲ್ಲಿ ಕ್ಯಾಪ್ ಹಿಡಿದಿದ್ದಾರೆ, ಬಲಗೈಯಲ್ಲಿ ಸಿರಿಂಜ್. ಕಣ್ಣು ಮುಂದಿನ ಚೀಟಿಯ ಮೇಲೆ. ಪಕ್ಕದಲ್ಲಿ ಮಗು ಕಾಲು ಝಾಡಿಸುತ್ತಿದೆ, ಯಾರೋ 'ನಮ್ದು ಮೊದಲು ಬಂದದ್ದು' ಅಂತ ಮೊಣಕೈಗೆ ತಾಗುತ್ತಾರೆ. ಕ್ಯಾಪಿನ ಬಾಯಿ ಎಷ್ಟು ಸಣ್ಣದು! ಸೂಜಿ ಅದರ ಅಂಚಿಗೆ ತಾಗಿ ಜಾರಿ ಎಡಗೈ ತೋರುಬೆರಳಿಗೆ ಇಳಿಯುತ್ತದೆ. ನಾನು ಕೇಳಿದ ಎಷ್ಟೋ ಗಾಯಗಳು ಎಡಗೈ ತೋರುಬೆರಳಿನದೇ.

ದಾರಿ ಇದು. ಸೂಜಿ ಹಾಕಿದ ಕೈ ಅಲ್ಲಿಂದ ನೇರ ಹಬ್ ಕಟರಿಗೆ (ಸಿರಿಂಜಿನಿಂದ ಸೂಜಿ ಕತ್ತರಿಸುವ ಸಾಧನ) ಅಥವಾ ಬಿಳಿ ಡಬ್ಬಿಗೆ ಹೋಗಬೇಕು. ಅದಕ್ಕೆ ಡಬ್ಬಿ ಕೈಗೆಟಕುವಷ್ಟು ಹತ್ತಿರ ಇರಬೇಕು. ಎಷ್ಟೋ ಕಡೆ ಡಬ್ಬಿ ವರಾಂಡದ ತುದಿಯಲ್ಲಿರುತ್ತದೆ, ತಪಾಸಣೆಗೆ ಬರುವವರಿಗೆ ಕಾಣಲಿ ಅಂತ. ಹಾಗಿದ್ದಾಗ ನರ್ಸ್ ಕ್ಯಾಪ್ ಹಾಕದೆ ಇನ್ನೇನು ಮಾಡಬೇಕು? ತೀರಾ ಹಾಕಲೇಬೇಕಾದರೆ ಕ್ಯಾಪನ್ನು ಟ್ರೇ ಮೇಲೆ ಮಲಗಿಸಿ, ಒಂದೇ ಕೈಯಲ್ಲಿ ಸೂಜಿಯ ತುದಿಯಿಂದ ಅದನ್ನು ಎತ್ತಿಕೊಳ್ಳಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

ಬಿಳಿ ಡಬ್ಬಿ ತುಂಬೋ ತನಕ ಬಳಸಬಹುದಲ್ವಾ?

ಮುಕ್ಕಾಲು ತುಂಬಿದರೆ ಮುಚ್ಚಿ. ಮೇಲೆ ತುರುಕಲು ಹೋದಾಗಲೇ ಚುಚ್ಚುವುದು. ಅದರೊಳಗೆ ಕೈ ಹಾಕುವುದು, ಬೇರೆ ಡಬ್ಬಿಗೆ ಸುರಿಯುವುದು ಎರಡೂ ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಸೂಜಿ, ಬ್ಲೇಡಿಗೆ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ, ಸೂಜಿ ತೆಗೆದ ಸಿರಿಂಜ್ ಮತ್ತು ಟ್ಯೂಬಿಗೆ ಕೆಂಪು, ರಕ್ತದ ಹತ್ತಿ-ಬ್ಯಾಂಡೇಜಿಗೆ ಹಳದಿ.

ಒಮ್ಮೆ ಬಳಸಿದ ಸೂಜಿಯನ್ನು ಕತ್ತರಿಸಿಯೇ ಎಸೆಯಬೇಕು ಅಂತಾರೆ. ಅಷ್ಟೊಂದು ಯಾಕೆ?

ಎಸೆದದ್ದು ಮತ್ತೆ ಮಾರುಕಟ್ಟೆಗೆ ಬರಬಾರದು ಅಂತ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವೆಂದು ಕಂಡುಬಂತು. ನೀವು ರೋಗಿಯಾಗಿ ಹೋದಾಗಲೂ, ಊರಿನ ಆರ್‌ಎಂಪಿ ಡಾಕ್ಟರ ಹತ್ತಿರವೇ ಆಗಲಿ, ಪ್ಯಾಕೆಟ್ ನಿಮ್ಮ ಎದುರೇ ಒಡೆಯಲಿ ಅಂತ ಕೇಳಿ. ಗುಳಿಗೆಯಲ್ಲಿ ಮುಗಿಯುವುದಕ್ಕೆ ಸೂಜಿ ಮಾಡಿಸಿಕೊಳ್ಳುವ ಚಟವನ್ನೂ ಬಿಡಿ. ಹಾಕದ ಸೂಜಿ ಯಾರಿಗೂ ಚುಚ್ಚುವುದಿಲ್ಲ.

## ಹಕ್ಕು, ಕಾನೂನು

ನಾನು ಔಟ್‌ಸೋರ್ಸ್ ಕೆಲಸದವನು. ಆಸ್ಪತ್ರೆಯವರು 'ನಿಮ್ಮ ಏಜೆನ್ಸಿ ಕೇಳಿ' ಅಂತಾರೆ. ನನಗೆ ಹಕ್ಕಿಲ್ವಾ?

ಇದೆ. 2016ರ ತ್ಯಾಜ್ಯ ನಿಯಮದ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ಎಚ್‌ಐವಿ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ಕೆಲಸದಲ್ಲಿ ಎಚ್‌ಐವಿ ಅಪಾಯ ಇರುವ ಸಂಸ್ಥೆ ರಕ್ಷಣಾ ಸಾಮಗ್ರಿ, ಅದನ್ನು ಬಳಸುವ ತರಬೇತಿ, ಪಿಇಪಿ ಮೂರನ್ನೂ ಕೊಡಬೇಕು. ಅಪಾಯಕ್ಕೆ ಒಳಗಾಗುವ ಎಲ್ಲರಿಗೂ ಅನ್ನುತ್ತದೆ, ಕಾಯಂ ನೌಕರರಿಗೆ ಮಾತ್ರ ಅಂತ ಹೇಳುವುದಿಲ್ಲ. ಏಜೆನ್ಸಿ ಫೋನ್ ಎತ್ತಲಿ ಅಂತ ಕಾಯುತ್ತಾ ಕೂರಬೇಡಿ. ಮೊದಲು ಗುಳಿಗೆ ನುಂಗಿ, ಜಗಳ ಆಮೇಲೆ.

ಸೋಂಕು ಬಂದೇ ಬಿಟ್ಟರೆ ಪರಿಹಾರ ಸಿಗ್ತದಾ?

1923ರ ನೌಕರರ ಪರಿಹಾರ ಕಾಯ್ದೆ ಮತ್ತು 1948ರ ಇಎಸ್‌ಐ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ, ಆರೋಗ್ಯ ಅಥವಾ ಲ್ಯಾಬ್ ಕೆಲಸದಲ್ಲಿ ತಗುಲುವ ಸೋಂಕು ರೋಗಗಳನ್ನು ವೃತ್ತಿಯಿಂದ ಬರುವ ಕಾಯಿಲೆ ಅಂತ ಸೇರಿಸಿದ್ದರು. 2025ರ ನವೆಂಬರ್‌ನಿಂದ ಈ ಎರಡರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರ ಮೂರನೇ ಪರಿಶಿಷ್ಟದಲ್ಲೂ ಇವು ಇವೆ. ಇಎಸ್‌ಐ ಕಾರ್ಡ್ ಇದ್ದರೆ ಆ ದಾರಿ, ಇಲ್ಲದಿದ್ದರೆ ನೌಕರರ ಪರಿಹಾರದ ದಾರಿ. ಎರಡರಲ್ಲೂ ಕೇಳುವುದು ದಾಖಲೆ: ಘಟನೆಯ ರಿಪೋರ್ಟ್, ಅದೇ ದಿನದ ನೆಗೆಟಿವ್ ಫಲಿತಾಂಶ, ಆಮೇಲಿನ ಪಾಸಿಟಿವ್ ಫಲಿತಾಂಶ. ಕಾರ್ಮಿಕ ಇಲಾಖೆ ಕಚೇರಿಗೆ ಹೋಗುವ ಮೊದಲು ಇವುಗಳ ಎರಡೆರಡು ಜೆರಾಕ್ಸ್ ಮಾಡಿಸಿ.

ಎಚ್‌ಐವಿ ಬಂದರೆ ಕೆಲಸದಿಂದ ತೆಗೀತಾರಾ?

ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ. ಕಾಯ್ದೆ ಅದನ್ನು ತಾರತಮ್ಯ ಅನ್ನುತ್ತದೆ. ತೆಗೆಯಬೇಕಾದರೆ, ಅವರಿಂದ ಬೇರೆಯವರಿಗೆ ದೊಡ್ಡ ಅಪಾಯವಿದೆ ಅಥವಾ ಅವರು ಆ ಕೆಲಸಕ್ಕೆ ಅಶಕ್ತರು ಅಂತ ಅರ್ಹ ವೈದ್ಯರು ಬರೆದು ಕೊಡಬೇಕು, ಆ ಬರಹದ ಪ್ರತಿಯನ್ನು ನೌಕರರಿಗೂ ಕೊಡಬೇಕು. ಎಆರ್‌ಟಿ ತೆಗೆದುಕೊಳ್ಳುತ್ತಾ, ಎಲ್ಲ ರೋಗಿಗಳಿಗೂ ಪಾಲಿಸಬೇಕಾದ ಮಾಮೂಲಿ ಎಚ್ಚರಿಕೆ ಪಾಲಿಸುತ್ತಾ ಕೆಲಸ ಮುಂದುವರಿಸಬಹುದು. ಸರ್ಜರಿಯಲ್ಲಿ ಕೈ ಹಾಕುವವರು ಮಾತ್ರ ತಮ್ಮ ಡಾಕ್ಟರ ಜೊತೆ ಮೊದಲು ಮಾತಾಡಬೇಕು. 100 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಇಂಥ ದೂರು ಕೇಳಲು ಒಬ್ಬ ದೂರು ಅಧಿಕಾರಿ ಇರಬೇಕು, ಆರೋಗ್ಯ ಸಂಸ್ಥೆಗೆ 20 ಜನ ಇದ್ದರೂ ಸಾಕು. ನಿಮ್ಮ ಆಸ್ಪತ್ರೆಯಲ್ಲಿ ಅವರು ಯಾರು ಅಂತ ಆಫೀಸಿನಲ್ಲಿ ಕೇಳಿ.